ಕಪ್ಪು ಕಿಟಕಿಗೂ ಒಂದು ಹೂಂ

ಟೈಪಿಸ್ಟರಿಗೆ ಮೌಸ್ ಕಂಡರೆ ಆಗುತ್ತಿರಲಿಲ್ಲ.

ತಲೆಗೂದಲು ಕಪ್ಪಗಿದ್ದಾಗ ಕಚೇರಿಯ ಕುರ್ಚಿಯಲ್ಲಿ ಕೂತವರು, ಅದು ಪೂರ್ತಿ ಬೆಳ್ಳಗಾದ ಮೇಲೆಯೇ ಎದ್ದಿದ್ದರು. ಅಷ್ಟು ಕಾಲವೂ ಹತ್ತು ಬೆರಳಿಗೂ ಸಮನಾಗಿ ಕೆಲಸ ಹಂಚಿ, ಯಾವ ಬೆರಳಿಗೂ ಅನ್ಯಾಯ ಮಾಡದೆ ಬದುಕಿದ್ದರು. ನಿವೃತ್ತರಾಗಿ ಮನೆಗೆ ಬಂದರೆ ಮನೆಯಲ್ಲಿ ಕಂಪ್ಯೂಟರು. ಅದರ ಪಕ್ಕದಲ್ಲಿ ಸವೆದ ಸೋಪಿನ ಬಿಲ್ಲೆಯಂಥ ಒಂದು ವಸ್ತು. ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ತೋರುಬೆರಳೊಂದರಲ್ಲೇ ಟಿಕ್ ಅನ್ನಿಸಬೇಕಂತೆ. ಅದಕ್ಕೂ ಬಗ್ಗದಿದ್ದರೆ ಟಿಕ್ ಟಿಕ್ ಅನ್ನಿಸಬೇಕಂತೆ. ಹಾಗಾದರೆ ಉಳಿದ ಒಂಬತ್ತು ಬೆರಳು ಎಲ್ಲಿಗೆ ಹೋಗಬೇಕು?

"ಇದು ಕೆಲಸ ಅಲ್ಲ ಕಣೋ, ತಿಗಣೆ ಹೊಸಕೋದು" ಎಂದು ಅವರು ಭಾವಮೈದನಿಗೆ ಹೇಳಿದರು.

ಭಾವಮೈದ ಎಂದರೆ ಹೆಂಡತಿಯ ತಮ್ಮ, ಹಲ್ಲಿನ ಡಾಕ್ಟರು. ಎರಡು ಬೀದಿ ಆಚೆ ಅವನ ಕ್ಲಿನಿಕ್ಕು. ಜನರ ಬಾಯಿ ತೆರೆಸಿ, ಅದರೊಳಗೆ ಎರಡು ಮೂರು ಸಲಕರಣೆ ಇಟ್ಟು, ಆಮೇಲೆ "ಮಗಳ ಮದುವೆ ಎಲ್ಲಿಗೆ ಬಂತು?" ಎಂದು ವಿಚಾರಿಸುವ ಪೈಕಿ. ಟೈಪಿಸ್ಟರ ಬಲಗಡೆಯ ದವಡೆ ಹಲ್ಲೊಂದರ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು. ಅದನ್ನು ಕೀಳಲೇಬೇಕು ಎನ್ನುವುದು ಅವನ ವಾದ. ಟೈಪಿಸ್ಟರದ್ದು ವಾದವೇನಿಲ್ಲ. ಹಲ್ಲಿನ ಮಾತು ಬಂದ ಕೂಡಲೇ ಅವರಿಗೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಅವನು ಮನೆಗೆ ಬಂದಾಗ ನಗಬೇಕಾದರೂ ತುಟಿ ಬಿಗಿಹಿಡಿದೇ ನಗುತ್ತಿದ್ದರು. ಹಲ್ಲು ಕಂಡರೆ ಡಾಕ್ಟರಿಗೆ ಆಸೆಯಾಗುತ್ತದೆ, ಯಾಕೆ ಬೇಕು?

ಆದರೂ ಮೌಸಿನ ಕಷ್ಟಕ್ಕೆ ಮದ್ದು ತಂದವನು ಅವನೇ. ಕಂಪ್ಯೂಟರಿನ ಕೀಲಿಮಣೆಯಲ್ಲೇ ಎಲ್ಲ ನಡೆಯುವ ಹಾಗೆ ಒಂದು ಏರ್ಪಾಡು ಮಾಡಿಕೊಟ್ಟ. ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದುಕೊಳ್ಳುತ್ತದೆ. ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತುವ ಗುಂಡಿಯಿಲ್ಲ. ಒರೆಸಿಟ್ಟ ಸ್ಲೇಟಿನ ಹಾಗೆ ಬರೀ ಕಪ್ಪು. ಮೂಲೆಯಲ್ಲಿ ಒಂದು ಬಿಳಿ ಗೆರೆ ಮಾತ್ರ "ಹೇಳಿ, ಹೇಳಿ" ಎನ್ನುವಂತೆ ಮಿನುಗುತ್ತಿರುತ್ತದೆ. ಬೇಕಾದ ರೇಡಿಯೋ ಕಾರ್ಯಕ್ರಮದ ಹೆಸರನ್ನು ಒಂದು ಆಜ್ಞೆಯ ರೂಪದಲ್ಲಿ ಟೈಪು ಮಾಡಿ ಎಂಟರ್ ಒತ್ತಿದರೆ, ಎಲ್ಲೋ ಇರುವ ಕಾರ್ಯಕ್ರಮ ಮನೆಯ ಕಂಪ್ಯೂಟರಿಗೆ ಇಳಿದು ಬಂದು ಕೂರುತ್ತದೆ. ಬೇಕಾದಾಗ ಕೇಳಬಹುದು.

"ಆಜ್ಞೆ" ಎನ್ನುವ ಮಾತು ಕೇಳಿಯೇ ಟೈಪಿಸ್ಟರ ಬೆನ್ನು ನೆಟ್ಟಗಾಯಿತು. ಇಷ್ಟು ವರ್ಷ ಮೇಲಿನವರ ಆಜ್ಞೆಗಳನ್ನು ಟೈಪು ಮಾಡಿದ್ದರು. ತಮ್ಮದೇ ಒಂದು ಆಜ್ಞೆ ಹೊರಡಿಸುವ ಭಾಗ್ಯ ಈಗ ಬಂತು. ಹೆಂಡತಿಗಂತೂ ಹೊರಡಿಸಿದವರಲ್ಲ.

ಅವರ ಟೈಪಿಂಗಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಕಣ್ಣು ಓದುತ್ತದೆ, ಬೆರಳು ಹೊಡೆಯುತ್ತದೆ, ನಡುವೆ ತಲೆ ಬಾಯಿ ಹಾಕಬಾರದು, ಹಾಕಿದರೆ ತಪ್ಪಾಗುತ್ತದೆ ಎಂಬುದು ಅವರು ಕಲಿತ ವಿದ್ಯೆ. ಈ ವಿದ್ಯೆಯಲ್ಲಿ ಅವರು ಎಷ್ಟು ಮುಂದುವರಿದಿದ್ದರೆಂದರೆ, ಒಮ್ಮೆ ತಮ್ಮದೇ ವರ್ಗಾವಣೆಯ ಆದೇಶವನ್ನು ಒಂದೇ ಒಂದು ತಪ್ಪಿಲ್ಲದೆ ಟೈಪು ಮಾಡಿ, ಸಾಹೇಬರ ಮೇಜಿನ ಮೇಲಿಟ್ಟು, ಆರಾಮವಾಗಿ ಕಾಫಿ ಕುಡಿಯಲು ಹೋಗಿದ್ದರು. ಮರುದಿನ ಅದು ತಮ್ಮ ಕೈಗೇ ಬಂದಾಗ ಕುಸಿದು ಕೂತರು. (ಕೂತ ಮೇಲೂ "ಟೈಪಿಂಗ್ ಚೆನ್ನಾಗಿದೆ" ಎಂದರಂತೆ.)

ಮನೆಯಲ್ಲೂ ಅದೇ ವಿದ್ಯೆ. ಹೆಂಡತಿ ಮಾತಾಡುತ್ತಾಳೆ, ಕಿವಿಗೆ ಬೀಳುತ್ತದೆ, ಬಾಯಿಂದ "ಹೂಂ" ಹೊರಡುತ್ತದೆ. ನಡುವೆ ತಲೆಗೆ ತೊಂದರೆ ಕೊಡುವ ಮಾತಿಲ್ಲ. ಮದುವೆಯಾದಂದಿನಿಂದ ಆ ಮನೆಯಲ್ಲಿ ಜಗಳ ಎನ್ನುವುದೇ ಆಗದ್ದಕ್ಕೆ ಈ ಹೂಂಕಾರವೇ ಕಾರಣ ಎಂದು ಅವರು ಒಳಗೊಳಗೇ ಹೆಮ್ಮೆಪಡುತ್ತಿದ್ದರು. ಹೂಂ ಸಾಲದ ಕಡೆಗೆ ಅವರ ಬಳಿ ಇನ್ನೊಂದು ವಾಕ್ಯವಿತ್ತು: "ಒಂದೊಂದು ಮಾತೂ ಮುತ್ತು." ಅದು ಯಾವ ಭಾಷಣಕ್ಕೂ ಒಗ್ಗುತ್ತಿತ್ತು, ಯಾವ ಅಳತೆಯ ಮನುಷ್ಯನಿಗೂ ಸರಿಹೋಗುತ್ತಿತ್ತು.

ಹೀಗಿರುವಾಗ ಹೆಂಡತಿಯನ್ನು ರೇಡಿಯೋದವರು ಕರೆದರು. ಭಾನುವಾರ ಮಧ್ಯಾಹ್ನ ಬರುವ ಗೃಹಿಣಿಯರ ಕಾರ್ಯಕ್ರಮದಲ್ಲಿ ಒಂದು ಸಂದರ್ಶನ. ಯಾವ ವಿಷಯ ಎಂದು ಅವಳು ಹೇಳಿದ್ದಳು, ಎರಡು ಸಲ ಹೇಳಿದ್ದಳು. ಎರಡು ಸಲವೂ ಇವರು ಹೂಂ ಎಂದಿದ್ದರು. ಬಟ್ಟೆಯ ಕಲೆ ತೆಗೆಯುವುದರ ಬಗ್ಗೆ ಇರಬೇಕು ಎಂದು ಅವರ ಊಹೆ. ಅವಳ ಕೈಗೆ ಹೋದರೆ ಮಸಿಯ ಕಲೆಯೂ ಉಳಿಯುವುದಿಲ್ಲ ಎಂದು ಇಡೀ ಬೀದಿ ಹೇಳುತ್ತಿತ್ತು.

ಪ್ರಸಾರದ ದಿನ ಊಟ ಮುಗಿಸಿ ಹೆಂಡತಿ ಸೀರೆ ಸರಿಮಾಡಿಕೊಂಡಳು. "ನನ್ನ ದನಿ ನಾನೇ ಕೇಳೋವಾಗ ನಿಮ್ಮ ಮುಖ ನೋಡೋಕೆ ನಾಚ್ಕೆ ಆಗುತ್ತೆ ರೀ. ನಾನು ಮಹಡಿ ಮೇಲಿನ ಮನೆಯವರ ಜೊತೆ ಕೂತು ಕೇಳ್ತೀನಿ. ನೀವು ಇಲ್ಲೇ ಕೇಳಿ."

"ಹೂಂ."

"ನಿದ್ದೆ ಮಾಡ್ಬಿಡ್ತೀರಾ?"

"ಹೂಂ. ಛೆ, ಇಲ್ಲೇ ಕೂತಿರ್ತೀನಿ."

ಕೂತೇ ಇದ್ದರು. ಆರಾಮಕುರ್ಚಿಯಲ್ಲಿ, ರೇಡಿಯೋವನ್ನು ಮಗುವಿನ ಹಾಗೆ ಎದೆಯ ಮೇಲೆ ಇಟ್ಟುಕೊಂಡು, ನೆಟ್ಟಗೆ ಕೂತಿದ್ದರು. ಕಾರ್ಯಕ್ರಮದ ಮೊದಲ ಸಂಗೀತ ಕೇಳಿದ್ದು ಅವರಿಗೆ ಚೆನ್ನಾಗಿ ನೆನಪಿದೆ. ಆಮೇಲೆ ನೆನಪಿರುವುದು ಬಾಗಿಲು ತೆರೆದ ಸದ್ದು, ಮತ್ತು ಎದುರಿಗೆ ನಿಂತ ಹೆಂಡತಿ.

"ಹೇಗಿತ್ತು ರೀ?"

ಟೈಪಿಸ್ಟರ ಕಣ್ಣು ತೆರೆಯುವ ಮೊದಲೇ ಬಾಯಿ ತೆರೆಯಿತು. "ಒಂದೊಂದು ಮಾತೂ ಮುತ್ತು!"

ಅವಳ ಮುಖದ ಮೇಲೆ ಒಂದು ನಗು ಬಂತು, ಬಂದಷ್ಟೇ ಬೇಗ ಒಳಗೆ ಹೋಯಿತು. "ಕಾಫಿ ಮಾಡ್ಲಾ?" ಎಂದಳು.

ಆ ವಾರ ಟೈಪಿಸ್ಟರ ಪಾಲಿಗೆ ಬಂಗಾರದ ವಾರ. ಮನೆಯಲ್ಲಿ ಹೆಂಡತಿಯ ದನಿ ಏರಲಿಲ್ಲ. ಒದ್ದೆ ಟವೆಲನ್ನು ಮಂಚದ ಮೇಲೆ ಬಿಟ್ಟರೂ ಅವಳು ಸುಮ್ಮನೆ ಎತ್ತಿ ಹರವಿದಳು. ಹೆಸರು ಬಂದ ಮೇಲೆ ಮನುಷ್ಯರು ಮೆತ್ತಗಾಗುತ್ತಾರೆ ಎಂದುಕೊಂಡರು. ಹೊರಗೆ ಹೋದರಂತೂ ಅವರದೇ ಮೆರವಣಿಗೆ. ಹಾಲಿನ ಅಂಗಡಿಯವನು, "ಏನ್ ಸಾರ್, ಅಮ್ಮಾವ್ರು ರೇಡಿಯೋದಲ್ಲಿ ಬಂದಿದ್ರಂತೆ! ಹೇಗಿತ್ತು?" ಎಂದ.

"ಒಂದೊಂದು ಮಾತೂ ಮುತ್ತು."

ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಹಾಲನ್ನು ಪಾತ್ರೆಯ ಹೊರಗೆ ಸುರಿದ. ಕ್ಷೌರದ ಅಂಗಡಿಯಲ್ಲಿ ಕತ್ತರಿ ನಿಂತಿತು, ಅದೇ ಪ್ರಶ್ನೆ. ಇವರದು ಅದೇ ಉತ್ತರ. ಸರದಿಯಲ್ಲಿ ಕಾಯುತ್ತಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡು ತಲೆದೂಗಿದರು. ಬೀದಿಯ ಮೂಲೆಯಲ್ಲಿ ಗಾಡಿ ಇಟ್ಟುಕೊಂಡ ಇಸ್ತ್ರಿಯವನಂತೂ ಉತ್ತರ ಕೇಳಿ, ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಹೆಂಡತಿಯನ್ನು ಕೂಗಿ ಕರೆದ. "ಇನ್ನೊಂದ್ಸಲ ಹೇಳಿ ಸಾರ್. ಇವಳೂ ಕೇಳಿಸ್ಕೊಳ್ಲಿ."

ಟೈಪಿಸ್ಟರು ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ, ಈ ಸಲ ಅಕ್ಷರ ಅಕ್ಷರ ಬಿಡಿಸಿ ಹೇಳಿದರು. ಇಸ್ತ್ರಿಯವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗಾಡಿಯ ಹಿಂದೆ ಹೋದಳು. ಭಾವುಕ ಹೆಂಗಸು.

ಆ ಕಾರ್ಯಕ್ರಮ ಕಂಪ್ಯೂಟರಿನಲ್ಲಿ ಇಳಿದು ಕೂತಿತ್ತು. ಭಾನುವಾರ ಸಂಜೆಯೇ ಕಪ್ಪು ಕಿಟಕಿಗೆ ಆಜ್ಞೆ ಕೊಟ್ಟು ಇಳಿಸಿದ್ದರು. ಒಮ್ಮೆ ಕೇಳಿಬಿಡಬೇಕು ಎಂದು ದಿನಾ ಅಂದುಕೊಂಡರು. ಆದರೆ ಕೈಯಳತೆಯಲ್ಲಿ ಇರುವುದಕ್ಕೆ ಅವಸರವೇನು? ನಾಳೆ ಕೇಳಿದರಾಯಿತು.

ಶನಿವಾರ ಬೆಳಿಗ್ಗೆ ಹಳೆಯ ನಾಟಕವೊಂದನ್ನು ಇಳಿಸಲೆಂದು ಕಪ್ಪು ಕಿಟಕಿ ತೆರೆದರು. ಅದು ಆಜ್ಞೆ ಕೇಳುವ ಬದಲು ಅವರನ್ನೇ ಏನೋ ಕೇಳಿತು. ಉದ್ದದ ಮಾತು. ಕೊನೆಯಲ್ಲಿ, ಹೌದಾದರೆ ವೈ ಒತ್ತಿ, ಇಲ್ಲವಾದರೆ ಎನ್ ಒತ್ತಿ ಎಂದಿತ್ತು. ಅಕ್ಷರಗಳು ಕಣ್ಣಿಗೆ ಕಂಡವು, ಬೆರಳು ತಾನಾಗಿ ವೈ ಮೇಲೆ ಬಿತ್ತು. ಅದು ಅವರ ಮಟ್ಟಿಗೆ ಒಂದು ಹೂಂ, ಅಷ್ಟೇ. ಕಿಟಕಿ ಕ್ಷಣಹೊತ್ತು ಸುಮ್ಮನಿದ್ದು, ಆಮೇಲೆ ಎಂದಿನಂತೆ ಮಿನುಗಿತು. ಅಷ್ಟರಲ್ಲಿ ತಿಂಡಿಗೆ ಕರೆ ಬಂತು, ನಾಟಕ ಇಳಿಸುವುದು ಅಲ್ಲಿಗೇ ನಿಂತಿತು.

ಭಾನುವಾರ ಬೆಳಗಿನ ಕಾಫಿ ಕೊಡುತ್ತ ಹೆಂಡತಿ ಹೇಳಿದಳು: "ಇವತ್ತು ಸಂಜೆ ದೊಡ್ಡಕ್ಕ ಬರ್ತಾಳೆ ರೀ. ಪಾಪ, ಅವತ್ತು ಪ್ರಯಾಣದಲ್ಲಿದ್ಲು, ಕೇಳೋಕೆ ಆಗ್ಲಿಲ್ಲ. ನೀವು ಇಳಿಸಿ ಇಟ್ಟಿದೀರಲ್ಲ, ಎಲ್ರೂ ಕೂತು ಕೇಳೋಣ."

"ಹೂಂ" ಎಂದರು. ಎಂದ ಮೇಲೆ, ಅಪರೂಪಕ್ಕೆ, ಆ ಮಾತು ತಲೆಯವರೆಗೂ ಹೋಯಿತು. ದೊಡ್ಡಕ್ಕ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಿಯಾದವರು. ಪಾಠ ಮುಗಿದ ಮೇಲೆ ಪ್ರಶ್ನೆ ಕೇಳುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. "ನಿಮಗೆ ಯಾವ ಭಾಗ ಹಿಡಿಸ್ತು?" ಎಂದು ಕೇಳಿಯೇ ಕೇಳುತ್ತಾರೆ. ಅಷ್ಟರೊಳಗೆ ಒಮ್ಮೆ ಕೇಳಿಕೊಂಡುಬಿಡಬೇಕು ಎಂದು ಟೈಪಿಸ್ಟರು ಕಂಪ್ಯೂಟರಿನ ಮುಂದೆ ಕೂತು, ಕಾರ್ಯಕ್ರಮಗಳನ್ನು ಇಟ್ಟ ಜಾಗ ತೆರೆದು ನೋಡಿದರು.

ಖಾಲಿ. ಅಲ್ಲಿ ಕಾರ್ಯಕ್ರಮವೂ ಇರಲಿಲ್ಲ, ಮತ್ತೇನೂ ಇರಲಿಲ್ಲ.

ನಿನ್ನೆಯ ಉದ್ದದ ಮಾತು ಕಿಟಕಿಯ ಮೇಲ್ಭಾಗದಲ್ಲಿ ಇನ್ನೂ ಇತ್ತು. ಈಗ ಅದನ್ನು ಓದಿದರು. ಇಳಿಸಿಟ್ಟ ಹಳೆಯ ಕಾರ್ಯಕ್ರಮಗಳನ್ನು ಪೂರ್ತಿ ಅಳಿಸಿಹಾಕಲೇ ಎಂದು ಅದು ಬಹಳ ವಿನಯದಿಂದ ಕೇಳಿತ್ತು. ಅದರ ಮುಂದೆ ತಮ್ಮದೇ ಬೆರಳಿನ ವೈ.

ಕಾಫಿಯ ಲೋಟವನ್ನು ಕೆಳಗಿಟ್ಟರು. ಅದು ಸಿಗದಿದ್ದರೆ ಸಂಜೆಯ ಹೊತ್ತಿಗೆ ಎರಡು ಗುಟ್ಟು ಒಟ್ಟಿಗೆ ಬಯಲಾಗುತ್ತವೆ. ಹೆಂಡತಿಯ ದನಿಯನ್ನು ಅಳಿಸಿದವರು ತಾವು. ಅದನ್ನು ಕೇಳದೆಯೇ ಊರೆಲ್ಲ ಹೊಗಳಿಕೊಂಡು ಬಂದವರೂ ತಾವು. ಬಂಗಾರದ ವಾರ ಅಲ್ಲಿಗೆ ಮುಗಿಯುತ್ತದೆ. ಆಮೇಲಿನ ವಾರ ಯಾವ ಲೋಹದ್ದು ಎಂದು ಯೋಚಿಸುವ ಧೈರ್ಯ ಅವರಿಗಿರಲಿಲ್ಲ.

ಹೆಂಡತಿ ಬಾಗಿಲಲ್ಲಿ ಇಣುಕಿದಳು. "ಸಿಕ್ತಾ?"

"ಇದೆ ಇದೆ. ಸಿದ್ಧ ಮಾಡ್ತಾ ಇದೀನಿ. ಧೂಳು ಒರೆಸ್ತಾ ಇದೀನಿ."

"ದನಿಗೂ ಧೂಳು ಕೂರುತ್ತಾ?"

"ಹೂಂ."

"ಒರೆಸಿ ಒರೆಸಿ" ಎಂದು ಅವಳು ಅಡುಗೆಮನೆಗೆ ಹೋದಳು.

ಟೈಪಿಸ್ಟರು ಮತ್ತೆ ಆಜ್ಞೆ ಹೊಡೆದರು. ಕಾರ್ಯಕ್ರಮದ ಹೆಸರು, ಎಂಟರ್. ಕಿಟಕಿ ಹೇಳಿತು: ಇದನ್ನು ನಿಮಗೆ ಈಗಾಗಲೇ ಕೊಟ್ಟಾಗಿದೆ. ಇನ್ನೊಮ್ಮೆ ಹೊಡೆದರು. ಕೊಟ್ಟಾಗಿದೆ. ಕಂಪ್ಯೂಟರನ್ನು ಆರಿಸಿ, ಅದಕ್ಕೆ ಸ್ವಲ್ಪ ಪಶ್ಚಾತ್ತಾಪಕ್ಕೆ ಸಮಯ ಕೊಟ್ಟು, ಮತ್ತೆ ಹಚ್ಚಿ ಹೊಡೆದರು. ಕೊಟ್ಟಾಗಿದೆ. ಟೈಪಿಸ್ಟರಿಗೆ ತಮ್ಮ ಕಚೇರಿಯ ಉಗ್ರಾಣದ ಗುಮಾಸ್ತ ನೆನಪಾದ. ಒಮ್ಮೆ ರಬ್ಬರು ಕೊಟ್ಟನೆಂದರೆ ಮುಗಿಯಿತು, ಅದು ಕಳೆದಿರಲಿ, ಸುಟ್ಟಿರಲಿ, ಇಲಿ ತಿಂದಿರಲಿ, "ಕೊಟ್ಟಾಗಿದೆ" ಎನ್ನುವುದೊಂದೇ ಮಾತು. ಅವನು ಸತ್ತು ಈ ಕಿಟಕಿಯಲ್ಲಿ ಹುಟ್ಟಿದ್ದಾನೆ ಎನ್ನಲು ಅಡ್ಡಿಯಿಲ್ಲ, ಆದರೆ ಅವನು ಇನ್ನೂ ಬದುಕಿದ್ದ.

ಮಧ್ಯಾಹ್ನದವರೆಗೂ ಕಿಟಕಿಗೂ ಅವರಿಗೂ ಇದೇ ನಡೆಯಿತು. ಊಟ ಅರ್ಧಕ್ಕೇ ಬಿಟ್ಟು ಎದ್ದರು. ಊಟದ ನಂತರದ ನಿದ್ದೆಯೂ ಬರಲಿಲ್ಲ. ಹೋದ ಭಾನುವಾರ ಬರಬಾರದಾಗಿದ್ದ ನಿದ್ದೆ ಅದು. ಕೊನೆಗೆ ಮಾನ ಬಿಟ್ಟು ಭಾವಮೈದನಿಗೆ ಫೋನು ಮಾಡಿದರು. ಎರಡೂ ಕೈ ಕೀಲಿಮಣೆಗೆ ಬೇಕಾದ್ದರಿಂದ ಫೋನನ್ನು ಮೇಜಿನ ಮೇಲೆ ಮಲಗಿಸಿ, ದನಿ ಹೊರಗೆ ಕೇಳುವಂತೆ ಮಾಡಿ, ಕೋಣೆಯ ಬಾಗಿಲು ಮುಂದೆ ಮಾಡಿದರು.

"ಹೇಳಿ ಭಾವ." ಹಿಂದೆ ಜುಯ್ ಎನ್ನುವ ಸದ್ದು. ಭಾನುವಾರ ಅವನಿಗೆ ಬಿಡುವಿಲ್ಲದ ದಿನ. ಕೆಲಸಕ್ಕೆ ಹೋಗುವವರೆಲ್ಲ ಹಲ್ಲುನೋವನ್ನು ಭಾನುವಾರಕ್ಕೇ ಇಟ್ಟುಕೊಳ್ಳುತ್ತಾರೆ.

"ಬಿಡುವಾಗಿದೀಯೇನೋ?"

"ಬಿಡುವೇ. ಒಬ್ರು ಬಾಯಿ ತೆಕ್ಕೊಂಡು ಕೂತಿದಾರೆ, ಅಷ್ಟೇ. ಹೇಳಿ."

"ಒಂದು ಕಾರ್ಯಕ್ರಮ ಅಳಿಸಿ ಹೋಗಿದೆ ಕಣೋ."

"ಯಾವುದು?"

"ಯಾವುದೋ ಒಂದು."

"ಅಕ್ಕಂದಾ?"

ಟೈಪಿಸ್ಟರು ಬಾಗಿಲ ಕಡೆ ನೋಡಿದರು.

"ಭಾವ, ಅಕ್ಕಂದಾ?"

"ಹೂಂ."

ಜುಯ್ ನಿಂತಿತು. "ಅಯ್ಯೋ! ರೇಡಿಯೋದವರು ಒಂದು ವಾರ ಮಾತ್ರ ಇಡ್ತಾರೆ ಭಾವ. ಇವತ್ತು ಸಂಜೆ ತೆಗೆದುಬಿಡ್ತಾರೆ. ಹೋದ್ರೆ ಹೋಯ್ತು, ಆಮೇಲೆ ದೇವರು ಬಂದ್ರೂ ಸಿಗಲ್ಲ."

"ನೀನು ಇಳಿಸ್ಕೊಂಡಿಲ್ವೇನೋ?"

"ನಾನು ಬರೀ ಕೇಳ್ದೆ. ಇಳಿಸೋಕೆ ನೀವಿದೀರಲ್ಲ ಅಂತ ಬಿಟ್ಟೆ. ಅಂದ್ಹಾಗೆ, ಹೇಗಿತ್ತು ಭಾವ?"

"ಒಂದೊಂದು ಮಾತೂ ಮುತ್ತು."

ಫೋನ್ ಒಳಗಿನಿಂದ ನೀರಿನ ಪೈಪು ಒಡೆದಂಥ ಸದ್ದು ಬಂತು.

"ಏನೋ ಅದು?"

"ಪೇಷೆಂಟ್ ಭಾವ. ಬಾಯಿ ಮುಕ್ಕಳಿಸಿದ್ರು. ಈಗ ನಾನು ಹೇಳಿದ ಹಾಗೆ ಮಾಡಿ. ಆಜ್ಞೆಯ ಕೊನೇಲಿ ಎರಡು ಅಡ್ಡಗೆರೆ ಹಾಕಿ, ಬಲವಂತ ಅಂತ ಇಂಗ್ಲಿಷಲ್ಲಿ ಹೊಡೀರಿ. ಕೊಟ್ಟಾಗಿದ್ರೂ ಬಲವಂತವಾಗಿ ಇನ್ನೊಂದ್ಸಲ ಕೊಡು ಅಂತ."

"ಬಲವಂತ ಮಾಡ್ಬಹುದೇನೋ? ಅದಕ್ಕೆ ಬೇಜಾರಾದ್ರೆ?"

"ಮಾಡ್ಲೇಬೇಕು. ಗಟ್ಟಿಯಾಗಿ ಹಿಡ್ಕೊಳ್ಳಿ. ತಲೆ ಅಲ್ಲಾಡಬಾರದು."

ಟೈಪಿಸ್ಟರು ಕಂಪ್ಯೂಟರಿನ ಪರದೆಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. "ಹಿಡ್ಕೊಂಡೆ."

"ನಿಮಗಲ್ಲ ಭಾವ. ಇಲ್ಲಿ ನರ್ಸ್‌ಗೆ ಹೇಳ್ದೆ. ನೀವು ಹೊಡೀರಿ. ಒಂದು ವಿಷಯ, ಬಲವಂತಕ್ಕೆ ಹೆಸರು ಸಾಲ್ದು, ಕಾರ್ಯಕ್ರಮದ ನಂಬರೇ ಬೇಕು. ಕಿಟಕಿಯಲ್ಲಿ ಹೆಸರಿನ ಪಕ್ಕ ಇರುತ್ತೆ ನೋಡಿ."

ನಂಬರು ಇತ್ತು. ನೋಡಿಕೊಂಡು ಹೊಡೆದರು. ಕಿಟಕಿ ಈಗ "ಕೊಟ್ಟಾಗಿದೆ" ಎನ್ನುವುದನ್ನು ಬಿಟ್ಟು ಹೊಸ ಮಾತು ಆಡಿತು: ಇಂಥ ನಂಬರಿನ ಕಾರ್ಯಕ್ರಮ ಯಾವುದೂ ಇಲ್ಲ.

"ಇಲ್ವಂತೆ ಕಣೋ!"

"ಇದೆ ಭಾವ. ನಂಬರ್ ತಪ್ಪು ಹೊಡೆದಿರ್ತೀರಿ."

ತಪ್ಪು! ಟೈಪಿಸ್ಟರ ಕಿವಿ ಕೆಂಪಾಯಿತು. ಅಂಥ ಮಾತನ್ನು ಅವರು ಸಾಹೇಬರ ಬಾಯಿಂದಲೂ ಕೇಳಿದವರಲ್ಲ. ಮತ್ತೆ ಹೊಡೆದರು. ಇಲ್ಲ. ನಿಧಾನಕ್ಕೆ ಹೊಡೆದರು. ಇಲ್ಲ. ಕನ್ನಡಕ ಒರೆಸಿ ಹೊಡೆದರು. ಇಲ್ಲ.

"ಹೊಡೆದದ್ದನ್ನ ಓದಿ ಭಾವ."

"ಸೊನ್ನೆ, ಒಂದು, ಏಳು, ಒಂದು, ಒಂದು."

"ರೇಡಿಯೋದವರ ಪಟ್ಟೀಲೂ ಅದೇ ನಂಬರ್. ಸರಿಯಾಗೇ ಇದೆ! ಪರದೆಯ ಫೋಟೋ ತೆಗೆದು ಕಳಿಸಿ."

ಕಳಿಸಿದರು. "ಫೋಟೋದಲ್ಲೂ ಸರಿಯಾಗೇ ಇದೆ" ಎಂದ ಭಾವಮೈದ. ಅವನ ದನಿಯಲ್ಲಿ ಮೊದಲ ಸಲ ಅನುಮಾನ ಕೇಳಿಸಿತು. "ವಿಚಿತ್ರ. ಮೇಲೆ ಎಲ್ಲಾ ಚೆನ್ನಾಗಿ ಕಾಣುತ್ತೆ, ಒಳಗೆ ಕೊಳೆತಿದೆ. ಇದನ್ನ ಬಿಟ್ರೆ ಪಕ್ಕದ್ದೂ ಹಾಳಾಗುತ್ತೆ. ನಾಳೆ ಬೆಳಿಗ್ಗೆ ಮೊದಲನೇದಾಗಿ ಇದನ್ನೇ ತೆಗೆದುಬಿಡೋಣ್ವಾ ಭಾವ?"

ಟೈಪಿಸ್ಟರ ಕಣ್ಣು ಸೊನ್ನೆ, ಒಂದು, ಏಳರ ಮೇಲೆ ನೆಟ್ಟಿತ್ತು. "ಹೂಂ."

"ನೋವಾಗದ ಹಾಗೆ ಮಾಡ್ತೀನಿ. ಖಂಡಿತ ತಾನೇ?"

"ಹೂಂ, ಹೂಂ."

ಬಾಗಿಲು ಕಿರ್ ಎಂದಿತು. ಹೆಂಡತಿ ಕಾಫಿಯ ಲೋಟ ಮೇಜಿನ ತುದಿಯಲ್ಲಿಟ್ಟು, ಫೋನನ್ನೊಮ್ಮೆ, ಗಂಡನ ಬೆವರನ್ನೊಮ್ಮೆ ನೋಡಿ ಹೋದಳು.

ಗಡಿಯಾರದ ಮುಳ್ಳು ಐದನ್ನು ದಾಟಿತ್ತು. ಅಡುಗೆಮನೆಯಿಂದ ಅತಿಥಿಗಳ ಬಟ್ಟಲುಗಳನ್ನು ಇಳಿಸುವ ಸದ್ದು ಬಂತು. ಆ ಕಡೆ ಮತ್ತೆ ಶುರುವಾಗಿದ್ದ ಜುಯ್ ಸದ್ದಿನ ನಡುವೆ ಭಾವಮೈದ ಏನೋ ಯೋಚಿಸಿ ಕೇಳಿದ, "ಭಾವ, ಒಂದು ಅಂತ ಹೊಡೆಯೋಕೆ ಯಾವ ಕೀ ಒತ್ತುತೀರಿ?"

"ಇದೇನು ಕೇಳ್ತೀಯೋ? ಎಲ್. ಸಣ್ಣ ಎಲ್."

ಜುಯ್ ನಿಂತಿತು. ಇಡೀ ಕ್ಲಿನಿಕ್ಕೇ ನಿಂತಂತಾಯಿತು.

ಟೈಪಿಸ್ಟರು ಕಲಿತ ಹಳೆಯ ಯಂತ್ರದಲ್ಲಿ ಒಂದು ಎಂಬ ಅಂಕಿಗೆ ಬೇರೆ ಕೀಲಿಯೇ ಇರಲಿಲ್ಲ. ಇಂಗ್ಲಿಷಿನ ಸಣ್ಣ ಎಲ್ ಅಕ್ಷರವೇ ಕಾಗದದ ಮೇಲೆ ಒಂದರ ಹಾಗೆ ಬೀಳುತ್ತದೆ, ಅದನ್ನೇ ಹೊಡೆಯುವುದು ಆ ಕಾಲದ ಟೈಪಿಸ್ಟರೆಲ್ಲರ ವಾಡಿಕೆ. ಇವರು ಇಡೀ ಜನ್ಮ ಎಷ್ಟು ಜನರ ಹುಟ್ಟಿದ ತಾರೀಖು, ಮನೆ ನಂಬರು ಎಲ್ಲವನ್ನೂ ಎಲ್ ಹೊಡೆದೇ ಮುಗಿಸಿದ್ದರು, ಯಾರೂ ಆಕ್ಷೇಪಿಸಿರಲಿಲ್ಲ. ಮನುಷ್ಯರ ಕಣ್ಣಿಗೆ ಎರಡೂ ಒಂದೇ. ಕಪ್ಪು ಕಿಟಕಿಗೆ ಅಲ್ಲ.

"ಭಾವ" ಎಂದ ಡಾಕ್ಟರು, ಹೆದರಿದ ರೋಗಿಯೊಡನೆ ಮಾತಾಡುವ ದನಿಯಲ್ಲಿ. "ಮೇಲಿನ ಸಾಲಲ್ಲಿ, ಎಡಗಡೆ, ಎರಡರ ಪಕ್ಕ ನೋಡಿ. ಅಲ್ಲೊಂದು ಕೀ ಇದೆ."

ನೋಡಿದರು. ಇತ್ತು. ನೆಟ್ಟಗೆ, ಹೊಸದಾಗಿ, ಯಾರ ಬೆರಳೂ ತಾಗದ ಹೊಳಪಿನಲ್ಲಿ.

"ಇದು ಯಾವಾಗ ಬಂತೋ?"

"ಮೊದಲಿಂದ್ಲೂ ಇದೆ ಭಾವ."

ಎಡಗೈಯ ಕಿರುಬೆರಳು ಅಷ್ಟು ದೂರ ಹೋಗಿ ಅಭ್ಯಾಸವಿರಲಿಲ್ಲ. ಬಲಗೈಯಿಂದ ಅದನ್ನು ಹಿಡಿದು ತಲುಪಿಸಿ ಒತ್ತಿದರು. ಎಂಟರ್. ಕಿಟಕಿ ಒಂದು ಉಸಿರು ತಡೆಯಿತು. ಆಮೇಲೆ ಬಿಳಿ ಚುಕ್ಕಿಗಳು ಒಂದರ ಹಿಂದೆ ಒಂದು, ಇರುವೆ ಸಾಲಿನ ಹಾಗೆ, ಪರದೆಯ ಮೇಲೆ ಹರಿಯತೊಡಗಿದವು. ಕಾರ್ಯಕ್ರಮ ಇಳಿಯುತ್ತಿತ್ತು.

ಟೈಪಿಸ್ಟರು ಕುರ್ಚಿಗೆ ಒರಗಿ ಕಣ್ಣೊರೆಸಿಕೊಂಡರು. ಇಳಿದ ಕೂಡಲೇ ಬಾಗಿಲು ಹಾಕಿ ಒಮ್ಮೆ ಕೇಳಿಬಿಡಬೇಕು, ಒಂದೆರಡು ವಾಕ್ಯ ನೆನಪಿಟ್ಟುಕೊಳ್ಳಬೇಕು ಎಂದುಕೊಂಡರು. ಇರುವೆಗಳು ಸಾಲಿನ ಕೊನೆ ಮುಟ್ಟಿದವು. ಅದೇ ಗಳಿಗೆಗೆ ಕರೆಗಂಟೆ ಮೊಳಗಿತು.

ದೊಡ್ಡಕ್ಕ ಬಂದರು. ಭಾವಮೈದ ಕ್ಲಿನಿಕ್ಕು ಮುಚ್ಚಿ ಬಂದ. ಮೇಲ್ಮನೆಯಾಕೆ ಒಂದು ಬಟ್ಟಲು ಸಕ್ಕರೆ ಕೇಳಲು ಬಂದು ಕೂತಳು. ಇಸ್ತ್ರಿ ಮಾಡಿದ ಬಟ್ಟೆ ಭಾನುವಾರ ತಂದುಕೊಡುವ ಪದ್ಧತಿಯೇ ಇಲ್ಲದ ಇಸ್ತ್ರಿಯವನು ಒಂದೇ ಒಂದು ಅಂಗಿ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಎಂಥ ಅಭಿಮಾನ ಎಂದು ಟೈಪಿಸ್ಟರಿಗೆ ಎದೆ ತುಂಬಿ ಬಂತು.

"ನಾನೊಬ್ಳೇ ಕೇಳ್ದೇ ಇರೋದು" ಎಂದರು ದೊಡ್ಡಕ್ಕ, ಕುರ್ಚಿಯನ್ನು ತರಗತಿಯ ಕಡೆ ತಿರುಗಿಸಿದಂತೆ ತಿರುಗಿಸಿಕೊಂಡು. "ನೀವು ಕೇಳಿದ್ರಲ್ಲ, ಹೇಗಿತ್ತು?"

"ಒಂದೊಂದು ಮಾತೂ ಮುತ್ತು ಅತ್ತಿಗೆ."

ಭಾವಮೈದ ಕಿಟಕಿಯಾಚೆ ನೋಡಿದ. ಮೇಲ್ಮನೆಯಾಕೆ ತನ್ನ ಬಳೆಗಳನ್ನು ನೋಡಿಕೊಂಡಳು. ಹೆಂಡತಿ ಮಾತ್ರ ಗಂಡನನ್ನೇ ನೋಡುತ್ತಿದ್ದಳು. "ಹಾಕಿ ರೀ" ಎಂದಳು.

ಹಾಕಿದರು. ಮೊದಲ ಸಂಗೀತ. ಇದು ಗೊತ್ತು ಎಂದು ಟೈಪಿಸ್ಟರು ತಲೆದೂಗಿದರು. ಆಮೇಲೆ ರೇಡಿಯೋದ ಹುಡುಗಿಯ ದನಿ: "ಸಂಸಾರದಲ್ಲಿ ಮಾತುಕತೆ, ಇದು ಇಂದಿನ ವಿಷಯ. ಹೇಳಿ ಅಮ್ಮ, ನಿಮ್ಮನೆಯವರು ನಿಮ್ಮ ಮಾತು ಕೇಳ್ತಾರಾ?"

"ಕೇಳ್ತಾರೆ ಕಣಮ್ಮ" ಎಂದಿತು ಹೆಂಡತಿಯ ದನಿ. "ಕೇಳಿಸ್ಕೊಳ್ಳಲ್ಲ."

ಕಲೆಯ ಮಾತು ಯಾವಾಗ ಬರುತ್ತದೆ ಎಂದು ಟೈಪಿಸ್ಟರು ಕಾದರು. ಬರಲಿಲ್ಲ.

"ಏನಂದ್ರೂ ಹೂಂ ಅಂತಾರೆ. ಒಂದಿನ ನೋಡೇಬಿಡೋಣ ಅಂತ, 'ಏನ್ರೀ, ಬಚ್ಚಲಲ್ಲಿ ಆನೆ ನಿಂತಿದೆ' ಅಂದೆ. 'ಹೂಂ, ದೀಪ ಆರಿಸಿ ಬಾ' ಅಂದ್ರು. ಇನ್ನೊಂದಿನ, 'ನಾನು ಬೇರೆ ಮದುವೆ ಮಾಡ್ಕೊಳ್ಲಾ' ಅಂದೆ. 'ಹೂಂ, ಬೇಗ ಬಾ' ಅಂದ್ರು."

ರೇಡಿಯೋದ ಹುಡುಗಿ ನಗುತ್ತಿದ್ದಳು. "ಹಾಗಾದ್ರೆ ಈ ಕಾರ್ಯಕ್ರಮನಾದ್ರೂ ಕೇಳ್ತಾರಾ?"

"ರೇಡಿಯೋನ ಎದೆ ಮೇಲೆ ಇಟ್ಕೊಂಡಿರ್ತಾರೆ. ಆದ್ರೆ ಊಟ ಆಗಿರುತ್ತಲ್ಲ, ಕಣ್ಣು ಮುಚ್ಚಿರುತ್ತೆ. ನಾನು ಹೋಗಿ ಹೇಗಿತ್ತು ಅಂತ ಕೇಳ್ತೀನಿ. 'ಒಂದೊಂದು ಮಾತೂ ಮುತ್ತು' ಅಂತಾರೆ, ಬೇಕಾದ್ರೆ ಬರೆದಿಟ್ಕೊಳ್ಳಿ. ಕೇಳ್ತಾ ಇರೋರಲ್ಲಿ ಯಾರಿಗಾದ್ರೂ ನಮ್ಮನೆಯವರ ಪರಿಚಯ ಇದ್ರೆ, ಈ ವಾರ ಸುಮ್ನೆ ಒಂದು ಮಾತು ಕೇಳಿ ನೋಡಿ."

ಹಾಲಿನ ಅಂಗಡಿ, ಕ್ಷೌರದ ಅಂಗಡಿ, ಬಾಯಿ ಮುಕ್ಕಳಿಸಿದ ಪೇಷೆಂಟು, ಎಲ್ಲರೂ ಸಾಲಾಗಿ ಟೈಪಿಸ್ಟರ ಕಣ್ಣಮುಂದೆ ಹಾದುಹೋದರು. ದೊಡ್ಡಕ್ಕ ಕುರ್ಚಿಯಲ್ಲಿ ನಿಧಾನವಾಗಿ ಇವರ ಕಡೆ ತಿರುಗಿದರು. ಇಸ್ತ್ರಿಯವನು ಅಂಗಿಯಲ್ಲಿ ಮುಖ ಮುಚ್ಚಿಕೊಂಡ. ಆ ಅಂಗಿಗೆ ಇನ್ನೊಮ್ಮೆ ಇಸ್ತ್ರಿ ಬೇಕಾಯಿತು.

"ಬೈದುಬಿಟ್ರಲ್ಲ ಅಮ್ಮ!" ಎಂದಳು ರೇಡಿಯೋದ ಹುಡುಗಿ.

"ಬೈಗುಳ ಅಲ್ಲಮ್ಮ. ಒಳ್ಳೇ ಮನುಷ್ಯರು. ಆದ್ರೆ ಒಂದ್ಸಲ, ಒಂದೇ ಒಂದ್ಸಲ, 'ಇಲ್ಲ ಕಣೇ, ಅದು ಹಾಗಲ್ಲ' ಅಂತ ಜಗಳಕ್ಕೆ ಬಂದ್ರೆ ನಂಗೆ ಸಾಕು. ಮನೇಲಿ ನನ್ನ ಜೊತೆ ಇನ್ನೊಬ್ರು ಇದಾರೆ ಅನ್ಸುತ್ತೆ."

ಸಂಗೀತ ಬಂತು. ಮುಗಿಯಿತು. ನಗುತ್ತಿದ್ದವರೂ ಆ ಕೊನೆಯ ಮಾತಿಗೆ ಸುಮ್ಮನಾಗಿದ್ದರು.

ಸುಮ್ಮನಿರದೆ ಇದ್ದದ್ದು ಕಪ್ಪು ಕಿಟಕಿ ಮಾತ್ರ. ಅದು ಪರದೆಯ ಮೇಲೆ ಉದ್ದದ ಒಂದು ಪ್ರಶ್ನೆ ಬರೆದು, ಹೌದಾದರೆ ವೈ, ಇಲ್ಲವಾದರೆ ಎನ್ ಎಂದು ಮಿನುಗುತ್ತ ನಿಂತಿತು. ಟೈಪಿಸ್ಟರ ಬೆರಳು ಅಭ್ಯಾಸಬಲದಿಂದ ವೈ ಕಡೆಗೆ ಹೊರಟಿತು, ದಾರಿಯ ನಡುವೆ ನಿಂತಿತು. ಅವರು ಕನ್ನಡಕ ಸರಿಮಾಡಿಕೊಂಡರು. ತುಟಿ ಅಲ್ಲಾಡಿಸುತ್ತ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ತಲೆಯನ್ನೂ ಜೊತೆಗೆ ಕೂರಿಸಿಕೊಂಡು ಓದಿದರು. ಕೇಳಿ ಮುಗಿದ ಈ ಕಾರ್ಯಕ್ರಮವನ್ನು ಅಳಿಸಿಹಾಕಲೇ?

ಅಳಿಸಿದರೆ ಸಾಕ್ಷಿಯೇ ಇರುವುದಿಲ್ಲ. ಇನ್ನೇನು, ಒಂದು ಗಂಟೆಯೊಳಗೆ ರೇಡಿಯೋದವರ ಬಳಿಯೂ ಇರುವುದಿಲ್ಲ.

ಎನ್ ಒತ್ತಿದರು.

"ಏನ್ ಒತ್ತಿದ್ರಿ?" ಎಂದಳು ಹೆಂಡತಿ.

"ಇಲ್ಲ ಅಂತ ಒತ್ತಿದೆ."

"ಏನು ಕೇಳ್ತು ಅದು?"

"ಅಳಿಸ್ಲಾ ಅಂತ ಕೇಳ್ತು. ಬೇಡ ಅಂದೆ." ಅವಳ ಮುಖ ನೋಡದೆ ಹೇಳಿದರು: "ಮತ್ತೆ ಇನ್ನೊಂದು. ಆನೆ ವಿಷಯ ಹಾಗಲ್ಲ ಕಣೇ. ದೀಪ ಆರಿಸು ಅಂದಿರೋಕೆ ಸಾಧ್ಯ ಇಲ್ಲ. ಬಾಗಿಲು ಹಾಕು ಅಂದಿರ್ತೀನಿ."

"ದೀಪ ಅಂತಲೇ ಅಂದ್ರಿ."

"ಇಲ್ಲ, ಬಾಗಿಲು."

"ದೀಪ ರೀ!"

"ಬಾಗಿಲು ಕಣೇ!"

ಹೆಂಡತಿಯ ಮುಖದಲ್ಲಿ ನಗು ಬಂತು. ಈ ಸಲ ಬಂದದ್ದು ಒಳಗೆ ಹೋಗಲಿಲ್ಲ. ದೊಡ್ಡಕ್ಕ "ಪಾಸು" ಎಂದರು. ಟೈಪಿಸ್ಟರಿಗೆ ಭಾರವೆಲ್ಲ ಇಳಿದು, ಇದೇನು, ಇಲ್ಲ ಎನ್ನುವುದು ಇಷ್ಟು ಸುಲಭವೇ, ಇಷ್ಟು ದಿನ ಸುಮ್ಮನೆ ಹೆದರಿದೆನಲ್ಲ ಎನ್ನಿಸಿತು. ಇನ್ನು ಮುಂದೆ ಯಾರು ಏನು ಕೇಳಿದರೂ ಪೂರ್ತಿ ಕೇಳಿಸಿಕೊಂಡು, ಬೇಕಿದ್ದರೆ ಹೂಂ, ಬೇಡದಿದ್ದರೆ ಇಲ್ಲ ಎನ್ನುವುದೆಂದು ಆ ಕೂಡಲೇ ತೀರ್ಮಾನಿಸಿದರು.

"ಒಳ್ಳೇದಾಯ್ತು" ಎಂದು ಭಾವಮೈದ ಎದ್ದ. "ಹಾಗಾದ್ರೆ ಭಾವ, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬರ್ಬೇಡಿ, ಏನಾದ್ರೂ ತಿಂದ್ಕೊಂಡೇ ಬನ್ನಿ. ಮೊದಲ್ನೇ ಪೇಷೆಂಟು ನೀವೇ."

"ಯಾವ ಪೇಷೆಂಟು?"

"ದವಡೆ ಹಲ್ಲು ಭಾವ. ಒಳಗೆ ಕೊಳೆತಿದೆ, ನಾಳೆ ತೆಗೆಯೋಣ್ವಾ ಅಂತ ಮಧ್ಯಾಹ್ನ ಫೋನಲ್ಲಿ ಕೇಳಿದ್ನಲ್ಲ. ಹೂಂ ಅಂದ್ರಿ. ಖಂಡಿತ ತಾನೇ ಅಂದ್ರೆ, ಹೂಂ ಹೂಂ ಅಂದ್ರಿ."

"ನಾನೂ ಕೇಳಿಸ್ಕೊಂಡೆ" ಎಂದಳು ಹೆಂಡತಿ. "ನಾನು ಕೇಳಿಸ್ಕೋತೀನಿ."

ಟೈಪಿಸ್ಟರು ಎದ್ದು ನಿಂತರು. ಈಗ ವಿದ್ಯೆ ಕೈಗೆ ಬಂದಿತ್ತು. ಇಲ್ಲ ಎಂದು ಇಡೀ ಬೀದಿಗೆ ಕೇಳುವ ಹಾಗೆ ಹೇಳಲು, ಎಂದೂ ತೆರೆಯದಷ್ಟು ಅಗಲವಾಗಿ ಬಾಯಿ ತೆರೆದರು.

ಭಾವಮೈದ ಜೇಬಿನಿಂದ ಸಣ್ಣ ಟಾರ್ಚು ತೆಗೆದು ಒಳಗೆ ಬೆಳಕು ಬಿಟ್ಟ. "ಹಾಂ, ಹಾಗೇ ಇರ್ಲಿ ಭಾವ, ಮಾತಾಡ್ಬೇಡಿ" ಎಂದ. "ಪಕ್ಕದ್ದೂ ಹೋಗಿದೆ. ಎರಡೂ ತೆಗೆದುಬಿಡ್ಲಾ?"

ಬಾಯಿ ತೆರೆದಿಟ್ಟ ಮನುಷ್ಯನ ಗಂಟಲಿನಿಂದ ಹೊರಡಬಹುದಾದ ಸದ್ದು ಒಂದೇ. ಅದೇ ಹೊರಟಿತು: "ಹಾಂ."